ಲಿಂಕನ್ ಕೋಟೆಯ ನಿಕೋಲಾ



1215ರ ಮ್ಯಾಗ್ನಾ ಕಾರ್ಟಾದ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಅದರ ಬೆನ್ನಿಗೇ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆಯಿತು. ಆಗ ಸಿಂಹಾಸನವು ಫ್ರಾನ್ಸಿನ ರಾಜಕುಮಾರ ಲೂಯಿಯ ಪಾಲಾಗದಂತೆ ತಡೆದವರಲ್ಲಿ ಒಬ್ಬ ವೃದ್ಧೆಯೂ ಇದ್ದಳೆಂಬುದು ಅನೇಕರಿಗೆ ತಿಳಿಯದು.

ಆಕೆಯೇ ನಿಕೋಲಾ ಡಿ ಲಾ ಹೇ. ಗಂಡುಮಕ್ಕಳಿಲ್ಲದ ತಂದೆಯಿಂದ ಲಿಂಕನ್ ಕೋಟೆಯ ಪಾಲನಾಧಿಕಾರ ಆಕೆಗೆ ಬಂದಿತ್ತು. ದೊರೆ ರಿಚರ್ಡ್ ಧರ್ಮಯುದ್ಧಕ್ಕೆ ತೆರಳಿದ್ದಾಗ, 1191ರಲ್ಲಿ, ರಾಜ್ಯಭಾರ ವಹಿಸಿದ್ದ ವಿಲಿಯಂ ಲಾಂಗ್‌ಚಾಂಪ್ ಕೋಟೆಗೆ ಮುತ್ತಿಗೆ ಹಾಕಿದನು. ಪತಿ ಬಳಿಯಿಲ್ಲದಿದ್ದರೂ ನಿಕೋಲಾ ಕೋಟೆಯನ್ನು ಬಿಟ್ಟುಕೊಡಲಿಲ್ಲ.

ಅರವತ್ತು ದಾಟಿ ವಿಧವೆಯಾದ ಮೇಲೆ ಆಕೆ ಜಾನ್ ದೊರೆಗೆ ಬೀಗದ ಕೈಗಳನ್ನು ಒಪ್ಪಿಸಿ ವಿಶ್ರಾಂತಿ ಬೇಡಿದಳು. ದೊರೆ ಅವನ್ನು ಹಿಂದಿರುಗಿಸಿದನು. 1216ರ ಅಕ್ಟೋಬರಿನಲ್ಲಿ, ತನ್ನ ಅಂತ್ಯಕಾಲದಲ್ಲಿ, ಇನ್ನೊಬ್ಬ ಅಧಿಕಾರಿಯೊಡನೆ ಆಕೆಯನ್ನೂ ಲಿಂಕನ್‌ಷೈರಿನ ಷೆರಿಫ್ ಆಗಿ ನೇಮಿಸಿದನು.

ಮರುವರ್ಷ ಫ್ರೆಂಚರೂ ಬಂಡಾಯಗಾರರೂ ನಗರವನ್ನು ವಶಪಡಿಸಿಕೊಂಡು ಕೋಟೆಯನ್ನು ಮುತ್ತಿದರು. ಆಕೆ ಮಣಿಯಲಿಲ್ಲ. 1217ರ ಮೇ 20ರಂದು ಎಪ್ಪತ್ತರ ಆಸುಪಾಸಿನ ವಿಲಿಯಂ ಮಾರ್ಷಲ್ ಸೇನೆಯೊಡನೆ ಬಂದು ಶತ್ರುಗಳನ್ನು ಸೋಲಿಸಿದನು. ಆದರೆ ನಾಲ್ಕೇ ದಿನಗಳಲ್ಲಿ ಆಕೆಯ ಷೆರಿಫ್ ಪದವಿಯನ್ನು ಸಾಲಿಸ್ಬರಿಯ ಅರ್ಲ್‌ಗೆ ಕೊಡಲಾಯಿತು. ಆತನಾದರೋ ಕೆಲವೇ ತಿಂಗಳ ಹಿಂದೆ ಲೂಯಿಯ ಪಕ್ಷ ಸೇರಿದ್ದವನು! ನಿಕೋಲಾ ಆಸ್ಥಾನದಲ್ಲಿ ನ್ಯಾಯ ಕೇಳಿ ಕೋಟೆಯನ್ನು ಉಳಿಸಿಕೊಂಡಳು; 1226ರವರೆಗೆ ಕಾದಳು. 1230ರಲ್ಲಿ ಕಾಲವಾದಳು.

ವೈದ್ಯನಾದ ನನ್ನ ಬಳಿ "ವಯಸ್ಸಾಯಿತು, ಇನ್ನು ನಮ್ಮಿಂದೇನಾದೀತು?" ಎನ್ನುವ ಹಿರಿಯರು ಬರುತ್ತಾರೆ. ಅವರಿಗೆ ಔಷಧದೊಡನೆ ಈ ಕಥೆಯನ್ನೂ ಹೇಳುತ್ತೇನೆ.