ಅಧಿಕಾರಿವೇತನ ಮತ್ತು ಫಲಾನುಬಂಧ

ಸಂಸ್ಥೆಯ ಮುಖ್ಯಾಧಿಕಾರಿಗಳ ಸಂಭಾವನೆಯನ್ನು ಆ ಸಂಸ್ಥೆ ಗಳಿಸಿದ ಫಲಕ್ಕೆ ಅನುಬಂಧಿಸುವ ಪದ್ಧತಿ. ಇದು ಆಧುನಿಕ ಕಂಪೆನಿಯ ಸೃಷ್ಟಿಯೆಂದು ಬಗೆಯುವವರುಂಟಾದರೂ ಇದರ ಪೂರ್ವರೂಪವು ಮೈಸೂರಿನ ಕಂದಾಯದ ಆಡಳಿತದಲ್ಲಿಯೇ ಕಾಣಸಿಗುತ್ತದೆ. ಆ ಸಂಸ್ಥಾನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಶರ್ತಿ ಎಂಬ ಏರ್ಪಾಡು ಬಳಕೆಯಲ್ಲಿದ್ದಿತು: ಕಂದಾಯದ ಅಧಿಕಾರಿಯಾದ ಅಮಲ್ದಾರನು ಇಂತಿಷ್ಟು ಹಣವನ್ನು ಕೂಡಿಸಿಕೊಡುವೆನೆಂದೂ, ಕೊರತೆ ಬಿದ್ದರೆ ತಾನೇ ತುಂಬಿಕೊಡುವೆನೆಂದೂ ಒಪ್ಪಿಕೊಳ್ಳುತ್ತಿದ್ದನು. ಮೊತ್ತವೊಂದೇ ಅವನ ಯೋಗ್ಯತೆಯ ಅಳತೆಗೋಲಾದುದರಿಂದ ಭಾರವೆಲ್ಲ ರೈತನ ಹೆಗಲಿಗೆ ಇಳಿಯಿತು. 1830ರ ನಗರ ಸೀಮೆಯ ದಂಗೆಗೂ, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡುದಕ್ಕೂ ಇದು ಒಂದು ಕಾರಣವಾಯಿತು. ಅಳೆಯುವ ಅಂಕಿ ಯಾವುದೋ ದುಡಿಮೆಯೂ ಅದರತ್ತಲೇ ವಾಲುವುದೆಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ದಾರುಣವಾದ ನಿದರ್ಶನ ವಿರಳ.

ಮುಂದೆ ಗಿರಣಿಗಳ ಯುಗದಲ್ಲಿ, ಕಂಪೆನಿಗಳ ಆಡಳಿತವನ್ನು ನಡೆಸುತ್ತಿದ್ದ ಮ್ಯಾನೇಜಿಂಗ್ ಏಜೆಂಟರು, ಷೇರುದಾರನಿಗೆ ಲಾಭಾಂಶ ದೊರೆಯಲಿ ದೊರೆಯದಿರಲಿ, ಉತ್ಪಾದನೆಯ ಮೇಲೋ ಮಾರಾಟದ ಮೇಲೋ ಕಮಿಷನ್ ಪಡೆಯುವ ರೂಢಿಯಿದ್ದಿತು. 1956ರ ಕಂಪೆನಿ ಕಾಯಿದೆಯು ಆಡಳಿತವರ್ಗದ ಒಟ್ಟು ಸಂಭಾವನೆಯನ್ನು ನಿವ್ವಳ ಲಾಭದ ಶೇ. 11ಕ್ಕೆ ಮಿತಗೊಳಿಸಿತು, 1970ರಲ್ಲಿ ಆ ಏಜೆನ್ಸಿ ಪದ್ಧತಿಯೇ ಅಳಿಯಿತು. ಬೆಂಗಳೂರಿನ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ನೀಡತೊಡಗಿ ಮತ್ತೊಂದು ಮಾರ್ಗವನ್ನು ತೆರೆಯಿತು. 2013ರ ಕಾಯಿದೆಯು ಹಳೆಯ ಮಿತಿಯನ್ನು ಉಳಿಸಿಕೊಂಡು, ನಿರ್ದೇಶಕರ ವೇತನವು ನೌಕರವರ್ಗದ ಮಧ್ಯಾಂಕ ವೇತನದ ಎಷ್ಟು ಪಟ್ಟೆಂಬುದನ್ನು ಷೇರುಪೇಟೆಯಲ್ಲಿರುವ ಕಂಪೆನಿಗಳು ಪ್ರಕಟಿಸಬೇಕೆಂದು ವಿಧಿಸಿತು, ಸ್ತುತ್ಯವಾದ ವಿಧಿ.

ಸಾರ್ವಜನಿಕ ಉದ್ಯಮಗಳ ಅಧಿಕಾರಿಗಳಿಗೆ ಕೇಂದ್ರಸರ್ಕಾರವು 2008ರ ಆದೇಶದಿಂದ, ತೆರಿಗೆಪೂರ್ವ ಲಾಭದ ಶೇ. 3 ಮತ್ತು ಹಿಂದಿನ ವರ್ಷಕ್ಕಿಂತ ಹೆಚ್ಚಿದ ಲಾಭದ ಶೇ. 10ರ ಮಿತಿಯೊಳಗೆ ಸಾಧನಾವೇತನವನ್ನು ಗೊತ್ತುಮಾಡಿತು. 1978ರಲ್ಲಿ ತುಮಕೂರಿನಲ್ಲಿ ಸ್ಥಾಪಿತವಾದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಗೆ ಇದು ಬರಿಯ ಕಾಗದದ ಮಾತಾಯಿತು. ಲಾಭವಿಲ್ಲದೆಡೆ ಹಂಚುವುದಕ್ಕೆ ಏನೂ ಉಳಿಯುವುದಿಲ್ಲ. ಮುಳುಗುತ್ತಿರುವ ಸಂಸ್ಥೆಯನ್ನು ಎತ್ತಿಹಿಡಿಯಲು ಹೆಣಗುವ ದಕ್ಷ ಅಧಿಕಾರಿಗೂ, ಕೈಕಟ್ಟಿ ಕುಳಿತವನಿಗೂ ಈ ನಿಯಮದಲ್ಲಿ ಭೇದವಿಲ್ಲ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಣಯ 2016ರ ಜನವರಿಯಲ್ಲಿ ಬಂದಿತು.

ತುಮಕೂರು ಜಿಲ್ಲೆಯದೇ ಆದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಅಲ್ಲಿ ಮೊದಲು ತಯಾರಿಸಲೆಂದು ಸಂಕಲ್ಪಿಸಿದ ಲಘು ಹೆಲಿಕಾಪ್ಟರುಗಳಿಗೆ ಸೇನೆಯೇ ಮುಖ್ಯ ಗ್ರಾಹಕ. ಬೇಡಿಕೆಯೂ ಲಾಭವೂ ಬಹುಮಟ್ಟಿಗೆ ಸರ್ಕಾರದ ನಿರ್ಣಯಕ್ಕೆ ಅಧೀನ. ಆದುದರಿಂದ ಅಲ್ಲಿಯ ಅಧಿಕಾರಿಯ ಸಾಧನೆಯನ್ನು ಲಾಭಕ್ಕಿಂತಲೂ ಯಂತ್ರದ ನಿರ್ದುಷ್ಟತೆಯಿಂದ, ಸಕಾಲದ ಪೂರೈಕೆಯಿಂದ ಅಳೆಯುವುದೇ ಯುಕ್ತ.