ಜಯದೇವ ಹೃದ್ರೋಗ ಸಂಸ್ಥೆ
ಬೆಂಗಳೂರಿನ ಸರ್ಕಾರಿ ಹೃದ್ರೋಗ ಬೋಧನಾಸ್ಪತ್ರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಬೆಳೆದು, ಬನ್ನೇರುಘಟ್ಟ ರಸ್ತೆಗೆ ಸ್ಥಳಾಂತರಗೊಂಡಿತು; ಮೈಸೂರು, ಕಲಬುರಗಿಗಳಲ್ಲಿ ಶಾಖೆಗಳಿವೆ. ಹೆಸರು ಮಾತ್ರ ದುರ್ಗದ್ದು: ಚಿತ್ರದುರ್ಗದ ಮುರುಘಾಮಠದ ಜಯದೇವ ಮುರುಘರಾಜೇಂದ್ರ ಸ್ವಾಮೀಜಿಯವರ ನೆನಪಿನದು.

ಸಂಸ್ಥೆ ಹೆಸರು ಮಾಡಿದ್ದು ಬಡವರ ಕಾಯಿಲೆಯಲ್ಲಿ. ಬಾಲ್ಯದ ಸಂಧಿವಾತ ಜ್ವರದಿಂದ ಕಿರಿದಾದ ಹೃದಯದ ಮೈಟ್ರಲ್ ಕವಾಟಕ್ಕೆ ತೊಡೆಸಂದಿನ ರಕ್ತನಾಳದಿಂದ ಬಲೂನು ತಲುಪಿಸಿ, ಕ್ಷಣಕಾಲ ಉಬ್ಬಿಸುತ್ತಾರೆ. ಅಂಟಿದ ಅಂಚುಗಳು ಬಿಡುತ್ತವೆ, ಎದೆ ಸೀಳಬೇಕಿಲ್ಲ. ಈ ವಿಧಾನದಲ್ಲಿ ಪಳಗಿದ ಡಾ. ಸಿ.ಎನ್. ಮಂಜುನಾಥ್ 2024ರವರೆಗೆ ನಿರ್ದೇಶಕರಾಗಿದ್ದರು.

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂಥ ಊರಿಗೆ ಬೆಂಗಳೂರು ದೂರ. ಹೃದಯಾಘಾತ ಅಷ್ಟು ಹೊತ್ತು ಕಾಯದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ತಿರುಳು ಇದೇ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಮೇಲೆ ಜಯದೇವದಂಥ ದೊಡ್ಡಾಸ್ಪತ್ರೆಗೆ ಕಳಿಸುವುದು.