ವಿಮಾನದ ದ್ರವಚಾಲಿತ ವ್ಯವಸ್ಥೆ: ಸಂಖ್ಯೆ ಮತ್ತು ಸ್ವಾತಂತ್ರ್ಯ

ಮುಚ್ಚಿದ ಪಾತ್ರೆಯೊಳಗಣ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ನಿರೂಪಿಸಿದನು. ಅದೇ ತತ್ತ್ವದ ಆಧಾರದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರವೊಂದಕ್ಕೆ ಪೇಟೆಂಟು ಪಡೆದನು. ಕಿರಿಯ ಪಿಸ್ಟನ್ನಿನ ಮೇಲಣ ಅಲ್ಪಬಲವು ಹಿರಿಯ ಪಿಸ್ಟನ್ನಿನಲ್ಲಿ ಮಹಾಬಲವಾಗುವ ಈ ಉಪಾಯವು ಪ್ರಯಾಣಿಕ ವಿಮಾನದಲ್ಲಿ ಪಡೆದ ಪರಿಣತಿಯನ್ನೂ ಅಲ್ಲಿ ತಲೆದೋರಿದ ಒಂದು ತೊಡಕನ್ನೂ ನಾವು ಇಲ್ಲಿ ವಿವೇಚಿಸುತ್ತೇವೆ.

ವ್ಯವಸ್ಥೆಯ ಕ್ರಮ ಸರಳವಾದುದು. ಎಂಜಿನ್ನಿನಿಂದ ನಡೆಯುವ ಪಂಪು ತೊಟ್ಟಿಯಿಂದ ದ್ರವವನ್ನು ಸೆಳೆದು, ಸಾಮಾನ್ಯವಾಗಿ ಚದರ ಅಂಗುಲಕ್ಕೆ 3,000 ಪೌಂಡು ಒತ್ತಡದಲ್ಲಿ ಕೊಳವೆಗಳಿಗೆ ನೂಕುತ್ತದೆ. ಚಾಲಕನ ಆಜ್ಞೆಯಂತೆ ಕವಾಟ ತೆರೆದಾಗ ದ್ರವವು ಸಿಲಿಂಡರಿನ ಒಂದು ಬದಿಯನ್ನು ಹೊಕ್ಕು ಪಿಸ್ಟನ್ನನ್ನು ಸರಿಸುತ್ತದೆ. ಇನ್ನೊಂದು ಬದಿಯ ದ್ರವ ತೊಟ್ಟಿಗೆ ಮರಳುತ್ತದೆ. ರೆಕ್ಕೆಬಾಲಗಳ ಅಂಚಿನಲ್ಲಿದ್ದು ವಿಮಾನವನ್ನು ತಿರುಗಿಸುವ, ಏರಿಸಿ ಇಳಿಸುವ ಫಲಕಗಳೂ, ಗಾಲಿಗಳೂ ಇದರಿಂದಲೇ ಚಲಿಸುತ್ತವೆ.

1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707ರಲ್ಲಿ ಹಲವು ಫಲಕಗಳನ್ನು ಚಾಲಕನು ತಂತಿಗಳ ಮೂಲಕ ತೋಳ್ಬಲದಿಂದಲೇ ನಡೆಸಬಹುದಾಗಿತ್ತು. 1969ರಲ್ಲಿ ಮೊದಲು ಹಾರಿದ ಬೋಯಿಂಗ್ 747ರ ಗಾತ್ರಕ್ಕೆ ಮನುಷ್ಯನ ತೋಳು ಸಾಲದಾಯಿತು. ಆದುದರಿಂದ ಅದಕ್ಕೆ ನಾಲ್ಕು, ಡಿಸಿ-10 ವಿಮಾನಕ್ಕೆ ಮೂರು ಪ್ರತ್ಯೇಕ ದ್ರವವ್ಯವಸ್ಥೆಗಳನ್ನು ಅಳವಡಿಸಿದರು. ಒಂದು ಕೆಟ್ಟರೆ ಮತ್ತೊಂದು ಒದಗುವುದೆಂಬುದೇ ಇದರ ಆಶಯ.

ಆದರೆ ಸಂಖ್ಯೆಯಲ್ಲಿ ಬೇರೆಯಾದವು ಸ್ಥಾನದಲ್ಲಿ ಬೇರೆಯಾಗಿರಲಿಲ್ಲ. ಎಲ್ಲದರ ಕೊಳವೆಗಳೂ ಬಾಲದ ಬಳಿ ನೆರೆಹೊರೆಯಾಗಿ ಸಾಗಿದ್ದವು. 1985ರ ಆಗಸ್ಟ್ 12ರಂದು ಜಪಾನಿನಲ್ಲಿ, ಹಿಂದೆ ಸರಿಯಾಗಿ ದುರಸ್ತಿಯಾಗದಿದ್ದ ಒತ್ತಡದ ಗೋಡೆಯೊಂದು 747 ವಿಮಾನದ ಹಿಂಭಾಗದಲ್ಲಿ ಒಡೆಯಿತು. ನಾಲ್ಕು ವ್ಯವಸ್ಥೆಗಳೂ ಬರಿದಾಗಿ, 524 ಮಂದಿಯಲ್ಲಿ 520 ಮಂದಿ ಅಸುನೀಗಿದರು. 1989ರ ಜುಲೈ 19ರಂದು ಅಮೆರಿಕದಲ್ಲಿ ಡಿಸಿ-10ರ ಬಾಲದ ಎಂಜಿನ್ನಿನ ಚಕ್ರ ಸಿಡಿದು ಮೂರೂ ವ್ಯವಸ್ಥೆಗಳು ವ್ಯರ್ಥವಾದವು. ಉಳಿದ ಎರಡು ಎಂಜಿನ್ನುಗಳ ವೇಗವನ್ನು ಹೆಚ್ಚುಕಡಿಮೆ ಮಾಡುತ್ತಲೇ ಚಾಲಕರು ಅದನ್ನು ಸಿಯೂ ಸಿಟಿಗೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು.

ಅನಂತರ, ದ್ರವವು ಅತಿಯಾಗಿ ಸೋರಿದಾಗ ಮಾರ್ಗವನ್ನು ತಾನಾಗಿ ಮುಚ್ಚುವ ಕವಾಟಗಳು ಬಂದವು. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ380ರಲ್ಲಿ ದ್ರವವ್ಯವಸ್ಥೆಗಳು ಎರಡೇ. ಒತ್ತಡ ಮಾತ್ರ ಚದರ ಅಂಗುಲಕ್ಕೆ 5,000 ಪೌಂಡು. ಅವುಗಳ ಜೊತೆಗೆ, ತಮ್ಮದೇ ಪುಟ್ಟ ತೊಟ್ಟಿಯನ್ನೂ ಪಂಪನ್ನೂ ಹೊಂದಿ ವಿದ್ಯುತ್ತಿನಿಂದ ನಡೆಯುವ ಚಾಲಕಯಂತ್ರಗಳಿವೆ. ನಾಲ್ಕರಿಂದ ಎರಡಕ್ಕೆ ಇಳಿದುದು ಹಿನ್ನಡೆಯಲ್ಲ. ಒಂದೇ ಪೆಟ್ಟಿಗೆ ಒಟ್ಟಿಗೆ ಬೀಳುವ ನಾಲ್ಕು ಆಸರೆಗಳಿಗಿಂತ ಬೇರೆಬೇರೆಯಾಗಿ ನಿಲ್ಲುವ ಎರಡು ಮೇಲೆಂಬುದನ್ನೇ ಈ ಚರಿತ್ರೆಯು ತಿಳಿಸುತ್ತದೆಯೆಂದು ನಾವು ಭಾವಿಸುತ್ತೇವೆ.